ಬುಸಾನ್‌ನಲ್ಲಿ ಎರಡೂವರೆ ದಿನ: ಒಂದು ದಿನ ಹಳೇ ಊರಿಗೆ, ಒಂದು ದಿನ ಕಡಲಿಗೆ

ದಕ್ಷಿಣ ಕೊರಿಯಾಕ್ಕೆ ಹೋಗುವ ನಮ್ಮವರು ಹೆಚ್ಚಾಗಿ ಸಿಯೋಲ್ ನೋಡಿಕೊಂಡು ವಾಪಸ್ ಬಂದುಬಿಡುತ್ತಾರೆ. ಇನ್ನೆರಡು ಮೂರು ದಿನ ರಜೆ ಉಳಿದಿದ್ದರೆ ಬುಸಾನ್‌ಗೆ ಹೋಗಿ. ಆ ದೇಶದ ಎರಡನೇ ದೊಡ್ಡ ನಗರ, ಅತಿ ದೊಡ್ಡ ಬಂದರು. ಜನಸಂಖ್ಯೆ ಸುಮಾರು 33 ಲಕ್ಷ. ಅರಮನೆಗಳಿಲ್ಲ, ಆದರೆ ಕಡಲಿದೆ, ಗುಡ್ಡವಿದೆ, ಮೀನು ಮಾರುಕಟ್ಟೆಯಿದೆ. ಯುದ್ಧದಲ್ಲಿ ಮನೆ ಬಿಟ್ಟು ಓಡಿ ಬಂದವರು ಕಟ್ಟಿಕೊಂಡ ಇಡೀ ಬಡಾವಣೆಗಳಿವೆ.

ಒಂದೇ ತೊಂದರೆ, ಈ ಊರು ಉದ್ದಕ್ಕೆ ಹರಡಿಕೊಂಡಿದೆ. ನಡುನಡುವೆ ಗುಡ್ಡಗಳು. ಗುಡ್ಡ ಬಿಟ್ಟುಕೊಟ್ಟ ಜಾಗದಲ್ಲಷ್ಟೇ ರಸ್ತೆ, ಮನೆ, ಮೆಟ್ರೋ. ಪಶ್ಚಿಮದ ನಾಮ್‌ಪೊ ಕಡೆಯಿಂದ ಪೂರ್ವದ ಹೇವುಂಡೆ ಕಡಲತೀರಕ್ಕೆ ಮೆಟ್ರೋದಲ್ಲಿ ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಬೆಳಿಗ್ಗೆ ಪಶ್ಚಿಮದಲ್ಲೊಂದು, ಮಧ್ಯಾಹ್ನ ಪೂರ್ವದಲ್ಲೊಂದು, ಸಂಜೆ ಮತ್ತೆ ಪಶ್ಚಿಮದಲ್ಲೊಂದು ಜಾಗ ಇಟ್ಟುಕೊಂಡರೆ ಅರ್ಧ ದಿನ ಸುರಂಗದೊಳಗೇ ಕಳೆದುಹೋಗುತ್ತದೆ. ಅದಕ್ಕೇ ಊರನ್ನು ಎರಡು ಭಾಗ ಮಾಡಿ. ಒಂದು ದಿನ ಪಶ್ಚಿಮ, ಒಂದು ದಿನ ಪೂರ್ವ. ಉಳಿದ ಅರ್ಧ ದಿನಕ್ಕೆ ನಿಮಗೆ ಬೇಕಾದ್ದೊಂದು.

1. ಮೊದಲು ಕ್ಯಾಲೆಂಡರ್ ನೋಡಿ

ಏಪ್ರಿಲ್–ಮೇ ಅಥವಾ ಅಕ್ಟೋಬರ್–ನವೆಂಬರ್ ಒಳ್ಳೆಯ ಕಾಲ. ಚೆರ್ರಿ ಹೂವು ನೋಡಬೇಕೆಂದರೆ ಮಾರ್ಚ್ ಕೊನೆಯ ವಾರದಿಂದ ಏಪ್ರಿಲ್ ಮೊದಲ ವಾರದೊಳಗೆ ಹೋಗಬೇಕು. ಬುಸಾನ್ ದಕ್ಷಿಣಕ್ಕಿರುವುದರಿಂದ ಸಿಯೋಲ್‌ಗಿಂತ ಕೆಲವು ದಿನ ಮೊದಲೇ ಹೂ ಬಿಡುತ್ತದೆ. ಜೂನ್ ಕೊನೆಯಿಂದ ಜುಲೈವರೆಗೆ ಮಳೆಗಾಲ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಚಂಡಮಾರುತ ಬರುವುದುಂಟು. ಚಳಿಗಾಲ ಸಿಯೋಲ್‌ನಷ್ಟು ಕ್ರೂರವಲ್ಲ, ಆದರೆ ಕಡಲ ಗಾಳಿ ಜಾಕೆಟ್ ಒಳಗೂ ನುಗ್ಗುತ್ತದೆ.

ಸೊಲ್ಲಾಲ್ ಮತ್ತು ಚುಸೊಕ್ ಹಬ್ಬಗಳ ದಿನಾಂಕ ನೋಡಿಕೊಳ್ಳಿ. ಮೊದಲನೆಯದು ಅವರ ಚಾಂದ್ರಮಾನ ಹೊಸವರ್ಷ, ಎರಡನೆಯದು ಸುಗ್ಗಿ ಹಬ್ಬ. ಆಗ ಇಡೀ ದೇಶವೇ ಊರಿಗೆ ಹೊರಟಿರುತ್ತದೆ. ರೈಲಿನ ಟಿಕೆಟ್ ಸಿಗುವುದಿಲ್ಲ, ಅಂಗಡಿಗಳೂ ಮುಚ್ಚಿರುತ್ತವೆ.

ವಾರದ ದಿನವೂ ಮುಖ್ಯ. ಸಾಧ್ಯವಾದರೆ ನಿಮ್ಮ ಎರಡು ದಿನಗಳಲ್ಲಿ ಒಂದು ಶನಿವಾರ ಬರುವಂತೆ ನೋಡಿಕೊಳ್ಳಿ. ಶನಿವಾರ ಮಧ್ಯಾಹ್ನ 2ಕ್ಕೆ ಹಳೇ ಊರಿನ ಯೊಂಗ್‌ದೊ ಸೇತುವೆ ಮೇಲೇಳುತ್ತದೆ. ಅದೇ ದಿನ ರಾತ್ರಿ ಗ್ವಾಂಗಲ್ಲಿ ಕಡಲತೀರದಲ್ಲಿ ಡ್ರೋನ್ ಪ್ರದರ್ಶನ ಇರುತ್ತದೆ. ಎರಡಕ್ಕೂ ಟಿಕೆಟ್ ಬೇಡ. ಸೋಮವಾರ ಹೆಚ್ಚಿನ ವಸ್ತುಸಂಗ್ರಹಾಲಯಗಳಿಗೆ ರಜೆ.

2. ವೀಸಾ, ವಿಮಾನ, ರೈಲು

ಭಾರತೀಯರಿಗೆ ವೀಸಾ ಬೇಕೇ ಬೇಕು, ಹೊರಡುವ ಮುಂಚೆಯೇ ಮಾಡಿಸಿಕೊಳ್ಳಬೇಕು. ಅಲ್ಲಿ ಇಳಿದ ಮೇಲೆ ಮಾಡಿಸಿಕೊಂಡರಾಯಿತು ಅನ್ನುವ ಮಾತು ಬೇಡ. ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ದಾಖಲೆ, ಉದ್ಯೋಗದ ಪತ್ರ, ಪ್ರವಾಸದ ದಿನಚರಿ ಎಲ್ಲವನ್ನೂ ಕೇಳುತ್ತಾರೆ. ತಿಂಗಳಿಗೂ ಮೊದಲೇ ಅರ್ಜಿ ಹಾಕಿದರೆ ನೆಮ್ಮದಿ. ಇದರ ಜೊತೆಗೆ ಅಲ್ಲಿಗೆ ತಲುಪುವ ಮುಂಚಿನ ಮೂರು ದಿನಗಳೊಳಗೆ ಆನ್‌ಲೈನ್‌ನಲ್ಲಿ ಇ-ಅರೈವಲ್ ಕಾರ್ಡ್ ತುಂಬಬಹುದು. ಇದಕ್ಕೆ ಶುಲ್ಕವಿಲ್ಲ. ದುಡ್ಡು ಕೇಳುವ ತಾಣ ಕಂಡರೆ ಅದು ಸರ್ಕಾರದ್ದಲ್ಲ ಎಂದೇ ತಿಳಿಯಿರಿ.

ಬೆಂಗಳೂರಿನಿಂದ ಹೊರಡುವವರಿಗೆ ಎರಡು ದಾರಿ. ಸಿಂಗಾಪುರ, ಬ್ಯಾಂಕಾಕ್ ಅಥವಾ ಹಾಂಗ್‌ಕಾಂಗ್‌ನಲ್ಲಿ ವಿಮಾನ ಬದಲಿಸಿ ನೇರವಾಗಿ ಬುಸಾನ್‌ನ ಗಿಮ್ಹೆ ವಿಮಾನ ನಿಲ್ದಾಣದಲ್ಲಿ ಇಳಿಯಬಹುದು. ಇಲ್ಲವೇ ಸಿಯೋಲ್ ಬಳಿಯ ಇಂಚೊನ್‌ನಲ್ಲಿ ಇಳಿದು ರೈಲಿನಲ್ಲಿ ಬರಬಹುದು. ನನ್ನ ಮಟ್ಟಿಗೆ ಜಾಣತನ ಎಂದರೆ ಸಿಯೋಲ್‌ನಲ್ಲಿ ಇಳಿದು ಬುಸಾನ್‌ನಿಂದ ಹೊರಡುವುದು, ಅಥವಾ ಅದರ ಉಲ್ಟಾ. ಬಂದ ದಾರಿಯಲ್ಲೇ ಮತ್ತೆ 400 ಕಿ.ಮೀ. ಹೋಗುವುದು ತಪ್ಪುತ್ತದೆ. ಟಿಕೆಟ್ ಹುಡುಕುವಾಗ ಈ ಆಯ್ಕೆಯನ್ನೂ ಒಮ್ಮೆ ನೋಡಿ. ಬೆಲೆಯಲ್ಲಿ ಎಷ್ಟೋ ಸಲ ಹೆಚ್ಚು ವ್ಯತ್ಯಾಸ ಇರುವುದಿಲ್ಲ.

ಸಿಯೋಲ್ ಸ್ಟೇಷನ್‌ನಿಂದ ಬುಸಾನ್ ಸ್ಟೇಷನ್‌ಗೆ ಕೆಟಿಎಕ್ಸ್ ಎಂಬ ವೇಗದ ರೈಲು ಎರಡೂವರೆಯಿಂದ ಮೂರು ಗಂಟೆಯೊಳಗೆ ತಲುಪಿಸುತ್ತದೆ. ಸಾಮಾನ್ಯ ದರ್ಜೆಗೆ 59,800 ವಾನ್. ಸಾವಿರ ವಾನ್ ಎಂದರೆ ಸುಮಾರು 60 ರೂಪಾಯಿ ಎಂದು ಇಟ್ಟುಕೊಳ್ಳಿ, ಲೆಕ್ಕ ಸುಲಭ. ಅಂದರೆ ಮೂರೂವರೆ ಸಾವಿರ ರೂಪಾಯಿ ದಾಟುತ್ತದೆ. ಸಮಯವಿದ್ದು ದುಡ್ಡು ಉಳಿಸಬೇಕಿದ್ದರೆ ಮುಗುಂಗ್ವಾ ಎಂಬ ನಿಧಾನದ ರೈಲಿದೆ. ಅರ್ಧಕ್ಕಿಂತ ಕಡಿಮೆ ದರ, ಐದು ಗಂಟೆಗೂ ಮೀರಿದ ಪ್ರಯಾಣ. ಟಿಕೆಟ್ ಒಂದು ತಿಂಗಳು ಮೊದಲು ತೆರೆಯುತ್ತದೆ. ಶುಕ್ರವಾರ ಸಂಜೆ, ಭಾನುವಾರ ಸಂಜೆಯ ರೈಲುಗಳು ಬೇಗ ತುಂಬುತ್ತವೆ. ಬರೀ ಸಿಯೋಲ್–ಬುಸಾನ್ ಹೋಗಿ ಬರುವುದಕ್ಕೆ ವಿದೇಶಿಯರ ರೈಲ್ ಪಾಸ್ ಕೊಂಡರೆ ಲಾಭವಿಲ್ಲ. ಇನ್ನೊಂದು ಮಾತು, ಈ ನಿಲ್ದಾಣಗಳಲ್ಲಿ ಟಿಕೆಟ್ ತೋರಿಸಿ ಒಳಹೋಗುವ ಗೇಟ್ ಇಲ್ಲ. ನೇರ ಪ್ಲಾಟ್‌ಫಾರ್ಮ್‌ಗೆ ಇಳಿದು ನಿಮ್ಮ ಸೀಟಿನಲ್ಲಿ ಕೂತರೆ ಆಯಿತು. ಗೇಟ್ ಹುಡುಕುತ್ತಾ ರೈಲು ತಪ್ಪಿಸಿಕೊಳ್ಳಬೇಡಿ.

3. ಫೋನ್, ದುಡ್ಡು, ಪ್ರಯಾಣದ ಕಾರ್ಡ್

ಗೂಗಲ್ ಮ್ಯಾಪ್ಸ್ ಕೊರಿಯಾದಲ್ಲಿ ಅರೆಬರೆ ಕೆಲಸ ಮಾಡುತ್ತದೆ, ನಡೆದು ಹೋಗುವ ದಾರಿಯನ್ನು ನಂಬಿಕೊಳ್ಳುವಂತಿಲ್ಲ. ಹೊರಡುವ ಮುಂಚೆಯೇ ನೇವರ್ ಮ್ಯಾಪ್ ಅಥವಾ ಕಾಕಾವೊ ಮ್ಯಾಪ್ ಹಾಕಿಕೊಳ್ಳಿ. ಅನುವಾದಕ್ಕೆ ಪಾಪಾಗೊ. ಅದರ ಕ್ಯಾಮೆರಾವನ್ನು ಮೆನು ಕಾರ್ಡ್ ಮೇಲೆ ಹಿಡಿದರೆ ಇಂಗ್ಲಿಷ್‌ನಲ್ಲಿ ಓದಬಹುದು. ಟ್ಯಾಕ್ಸಿಗೆ ಕಾಕಾವೊ ಟಿ ಆ್ಯಪ್.

ಬಸ್, ಮೆಟ್ರೋಗೆ ತಾಗಿಸುವ ಟಿ-ಮನಿ ಕಾರ್ಡ್ ಅನ್ನು ಯಾವುದೇ ಜಿಎಸ್25, ಸಿಯು ಅಥವಾ ಸೆವೆನ್ ಇಲೆವೆನ್ ಅಂಗಡಿಯಲ್ಲಿ ಕೊಳ್ಳಬಹುದು. ಸಿಯೋಲ್‌ನಲ್ಲಿ ಕೊಂಡ ಕಾರ್ಡ್ ಬುಸಾನ್‌ನಲ್ಲೂ ನಡೆಯುತ್ತದೆ. ದುಡ್ಡು ತುಂಬಿಸಲು ನೋಟೇ ಬೇಕು, ಹಾಗಾಗಿ ಸ್ವಲ್ಪ ನಗದು ಇಟ್ಟುಕೊಳ್ಳಿ. ಮೆಟ್ರೋ ದರ ಕಾರ್ಡ್‌ನಲ್ಲಿ 1,600 ವಾನ್‌ನಿಂದ ಶುರು. ಬಸ್ ಹತ್ತುವಾಗ ಕಾರ್ಡ್ ತಾಗಿಸುವುದು ಎಲ್ಲರಿಗೂ ನೆನಪಿರುತ್ತದೆ, ಇಳಿಯುವಾಗ ಮರೆಯುತ್ತಾರೆ. ಇಳಿಯುವಾಗಲೂ ತಾಗಿಸಿದರೆ ಅರ್ಧ ಗಂಟೆಯೊಳಗೆ ಇನ್ನೊಂದು ಬಸ್ಸಿಗೋ ಮೆಟ್ರೋಗೋ ಬದಲಿಸಿದಾಗ ರಿಯಾಯಿತಿ ಸಿಗುತ್ತದೆ. ಬಸ್‌ನಲ್ಲಿ ಹತ್ತಿದ ಕೂಡಲೇ ಏನಾದರೂ ಗಟ್ಟಿಯಾಗಿ ಹಿಡಿದುಕೊಳ್ಳಿ. ಬುಸಾನ್ ಬಸ್ ಡ್ರೈವರುಗಳಿಗೆ ನಿಧಾನ ಎಂಬುದು ಗೊತ್ತೇ ಇಲ್ಲ.

ಉಳಿದ ಕಡೆ ವೀಸಾ, ಮಾಸ್ಟರ್ ಕಾರ್ಡ್ ನಡೆಯುತ್ತವೆ. ಬೀದಿ ತಿಂಡಿಗೆ, ಮಾರುಕಟ್ಟೆಯ ಅಜ್ಜಿಯರಿಗೆ ನೋಟು ಕೊಡಬೇಕು. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ನಮ್ಮ ಮೂರು ಪಿನ್ನಿನ ಪ್ಲಗ್ ಅಲ್ಲಿ ಹೋಗುವುದಿಲ್ಲ, ಎರಡು ದುಂಡು ಪಿನ್ನಿನ ಅಡಾಪ್ಟರ್ ಬೇಕು. ದಾರಿ ತಪ್ಪಿದರೆ, ಭಾಷೆ ತಿಳಿಯದೆ ಸಿಕ್ಕಿಹಾಕಿಕೊಂಡರೆ 1330ಕ್ಕೆ ಕರೆ ಮಾಡಿ. ಅದು ಪ್ರವಾಸಿಗಳ ಸಹಾಯವಾಣಿ, ಇಂಗ್ಲಿಷ್‌ನಲ್ಲಿ ಮಾತಾಡುತ್ತಾರೆ. ಪೊಲೀಸ್ 112, ಆಂಬುಲೆನ್ಸ್ 119.

4. ಎಲ್ಲಿ ಉಳಿಯುವುದು?

ಎಲ್ಲರೂ ಹೇವುಂಡೆ ಎನ್ನುತ್ತಾರೆ. ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಕಡಲು ಕಾಣಬೇಕು ಎಂಬ ಆಸೆಯಿದ್ದರೆ ಸರಿ. ಆದರೆ ಎರಡು ದಿನಕ್ಕೆ ಬಂದವರಿಗೆ ಸೊಮ್ಯೊನ್ ವಾಸಿ. ಮೆಟ್ರೋದ 1 ಮತ್ತು 2ನೇ ಲೈನ್ ಸೇರುವ ಜಾಗ ಅದು. 1ನೇ ಲೈನ್ ಹಿಡಿದರೆ ಬುಸಾನ್ ಸ್ಟೇಷನ್, ನಾಮ್‌ಪೊ, ಜಗಲ್ಚಿ. 2ನೇ ಲೈನ್ ಹಿಡಿದರೆ ಗ್ವಾಂಗಲ್ಲಿ, ಹೇವುಂಡೆ. ಯಾವ ಕಡೆಗೂ ಗಾಡಿ ಬದಲಿಸುವ ಕೆಲಸವಿಲ್ಲ. ನೋಡಲು ಅಂಥ ಚೆಂದದ ಏರಿಯಾ ಏನಲ್ಲ, ಬರೀ ಅಂಗಡಿ, ಹೋಟೆಲ್, ಬೋರ್ಡ್‌ಗಳ ಬೆಳಕು. ಮಲಗಲು ಬರುವವರಿಗೆ ಇಷ್ಟು ಸಾಕು. ಶುಕ್ರವಾರ, ಶನಿವಾರದ ರಾತ್ರಿ ಎಲ್ಲ ಕಡೆಯೂ ಬಾಡಿಗೆ ಜಾಸ್ತಿ.

5. ಮೊದಲ ದಿನ: ಹಳೇ ಊರು

ಇಲ್ಲಿ ತಿರುಗುವ ಮುಂಚೆ ಒಂದು ಇತಿಹಾಸ ತಿಳಿದಿರಲಿ. 1950ರ ಜೂನ್‌ನಲ್ಲಿ ಉತ್ತರ ಕೊರಿಯಾದ ಸೇನೆ ದಕ್ಷಿಣಕ್ಕೆ ನುಗ್ಗಿತು. ಕೆಲವೇ ವಾರಗಳಲ್ಲಿ ದೇಶದ ಆಗ್ನೇಯ ಮೂಲೆಯೊಂದೇ ದಕ್ಷಿಣದವರ ಕೈಯಲ್ಲಿ ಉಳಿಯಿತು. ಆ ಮೂಲೆಯ ಊರು ಬುಸಾನ್. ಯುದ್ಧಕಾಲದ ತಾತ್ಕಾಲಿಕ ರಾಜಧಾನಿ ಇದೇ ಆಯಿತು. ಲಕ್ಷಾಂತರ ನಿರಾಶ್ರಿತರು ಬಂದು ತುಂಬಿಕೊಂಡರು. ಬಯಲಲ್ಲಿ ಜಾಗವಿಲ್ಲದೆ ಗುಡ್ಡ ಹತ್ತಿ ಹಲಗೆ, ತಗಡಿನ ಮನೆ ಕಟ್ಟಿಕೊಂಡರು. ಇವತ್ತು ನಾವು ಬಣ್ಣ ಬಣ್ಣ ಎಂದು ಫೋಟೊ ತೆಗೆಯುವ ಗುಡ್ಡದ ಬೀದಿಗಳೆಲ್ಲ ಹೀಗೆ ಹುಟ್ಟಿದವು.

ಬೆಳಿಗ್ಗೆ 9ರ ಹೊತ್ತಿಗೆ ಗಾಮ್‌ಚೊನ್ ಸಾಂಸ್ಕೃತಿಕ ಗ್ರಾಮ ತಲುಪಿ. 1ನೇ ಲೈನ್‌ನಲ್ಲಿ ತೊಸೊಂಗ್ ನಿಲ್ದಾಣದಲ್ಲಿ ಇಳಿದು 6ನೇ ದ್ವಾರದಿಂದ ಹೊರಬಂದರೆ ಗುಡ್ಡ ಹತ್ತುವ ಪುಟ್ಟ ಬಸ್‌ಗಳು ಸಿಗುತ್ತವೆ. ನಡೆದು ಹತ್ತುವ ಸಾಹಸ ಬೇಡ, ಏರು ಕಡಿದಾಗಿದೆ. ಯುದ್ಧದ ನಿರಾಶ್ರಿತರ ಜೊತೆಗೆ ತೇಗುಕ್‌ದೊ ಎಂಬ ಒಂದು ಹೊಸ ಧರ್ಮದ ಅನುಯಾಯಿಗಳು 1950ರ ದಶಕದಲ್ಲಿ ಇಲ್ಲಿ ನೆಲೆಸಿದರು. ಮುಂದಿನ ಮನೆ ಹಿಂದಿನ ಮನೆಯ ನೋಟಕ್ಕೆ ಅಡ್ಡ ಬರಬಾರದು ಎಂಬಂತೆ ಸಾಲು ಸಾಲಾಗಿ ಕಟ್ಟಿದ್ದಾರೆ. 2009ರಲ್ಲಿ ಕಲಾವಿದರು ಬಂದು ಗೋಡೆ, ಮೆಟ್ಟಿಲು, ಖಾಲಿ ಮನೆಗಳಿಗೆ ಬಣ್ಣ ಹಚ್ಚಿದ ಮೇಲೆ ಇದು ಪ್ರವಾಸಿ ತಾಣವಾಯಿತು.

ಕಟ್ಟೆಯ ಮೇಲೆ ಕೂತ, ಫ್ರೆಂಚ್ ಕಥೆಯ ಪುಟ್ಟ ರಾಜಕುಮಾರನ ಬೊಂಬೆಯ ಪಕ್ಕ ಕೂತು ಫೋಟೊ ತೆಗೆಸಿಕೊಳ್ಳಲು ದೊಡ್ಡ ಸಾಲು ನಿಂತಿರುತ್ತದೆ. ಅದನ್ನು ಬಿಡಿ. ಮುಖ್ಯ ಬೀದಿಯಿಂದ ಕೆಳಗಿನ ಓಣಿಗಳಿಗೆ ಇಳಿಯಿರಿ, ನಿಜವಾದ ಊರು ಅಲ್ಲಿದೆ. ಒಬ್ಬರು ಹೋಗುವಷ್ಟೇ ಅಗಲ, ಎಲ್ಲ ಓಣಿಯೂ ಎಲ್ಲೋ ಒಂದು ಕಡೆ ಇನ್ನೊಂದಕ್ಕೆ ಸೇರುತ್ತದೆ. ಇಲ್ಲಿ ಇನ್ನೂ ಜನ ವಾಸವಿದ್ದಾರೆ, ಹೆಚ್ಚಿನವರು ವಯಸ್ಸಾದವರು. ಬಟ್ಟೆ ಒಣಗಿರುತ್ತದೆ, ಬಾಗಿಲು ತೆರೆದಿರುತ್ತದೆ. ಜೋರಾಗಿ ಮಾತಾಡಬೇಡಿ, ಕಿಟಕಿಯೊಳಗೆ ಕ್ಯಾಮೆರಾ ಹಿಡಿಯಬೇಡಿ.

ವಾಪಸ್ ಇಳಿಯುವಾಗ ಅಮಿ-ದೊಂಗ್ ಎಂಬಲ್ಲಿ ನಿಲ್ಲಿ. ಗಾಮ್‌ಚೊನ್ ನೋಡಿದ ನೂರು ಜನರಲ್ಲಿ ಹತ್ತು ಜನವೂ ಇಲ್ಲಿಗೆ ಬರುವುದಿಲ್ಲವೇನೋ. ಜಪಾನಿನ ಆಳ್ವಿಕೆಯಲ್ಲಿ ಇದು ಜಪಾನೀಯರ ಸ್ಮಶಾನವಾಗಿತ್ತು. ಯುದ್ಧದ ಕಾಲದಲ್ಲಿ ಬಂದ ನಿರಾಶ್ರಿತರು ಬೇರೆ ದಾರಿಯಿಲ್ಲದೆ ಸಮಾಧಿಗಳ ಮೇಲೆಯೇ ಮನೆ ಕಟ್ಟಿದರು. ಸಮಾಧಿ ಕಲ್ಲುಗಳು ಮೆಟ್ಟಿಲಾದವು, ಅಡಿಪಾಯವಾದವು. ಕೆಲವು ಕಲ್ಲುಗಳ ಮೇಲೆ ಅಕ್ಷರ ಇನ್ನೂ ಕಾಣುತ್ತದೆ. ತೊಸೊಂಗ್ ನಿಲ್ದಾಣಕ್ಕೆ ಇಳಿದ ಮೇಲೆ ತಾತ್ಕಾಲಿಕ ರಾಜಧಾನಿಯ ಸ್ಮಾರಕ ಭವನವೂ ಹತ್ತಿರದಲ್ಲೇ ಇದೆ. ಯುದ್ಧದ ವರ್ಷಗಳಲ್ಲಿ ಅಧ್ಯಕ್ಷರು ಇದ್ದ ಕೆಂಪು ಇಟ್ಟಿಗೆಯ ಮನೆ ಅದು.

ಅಂದ ಹಾಗೆ, ಈ ಯುದ್ಧದ ಕಥೆಗೆ ನಮ್ಮ ಕೊಡಗಿನ ನಂಟೂ ಇದೆ. 1953ರಲ್ಲಿ ಕದನವಿರಾಮವಾದಾಗ, ಊರಿಗೆ ಮರಳಲು ಒಪ್ಪದ ಯುದ್ಧ ಕೈದಿಗಳ ವಿಚಾರ ನೋಡಿಕೊಳ್ಳಲು ತಟಸ್ಥ ರಾಷ್ಟ್ರಗಳ ಆಯೋಗ ಮಾಡಿದರು. ಅದರ ಅಧ್ಯಕ್ಷರಾಗಿದ್ದವರು ಜನರಲ್ ಕೆ.ಎಸ್. ತಿಮ್ಮಯ್ಯ. ಯುದ್ಧದಲ್ಲಿ ಭಾರತ ಕಾಳಗದ ಪಡೆ ಕಳಿಸಲಿಲ್ಲ, ವೈದ್ಯಕೀಯ ತುಕಡಿ ಕಳಿಸಿತ್ತು.

ಮಧ್ಯಾಹ್ನ ಮಾರುಕಟ್ಟೆಗಳಿಗೆ. ತೊಸೊಂಗ್‌ನಿಂದ ನಡೆದರೆ ಬುಪ್ಯೊಂಗ್, ಅದರ ಪಕ್ಕ ಗುಕ್ಜೆ, ಅಲ್ಲಿಂದ ಸಿನಿಮೋತ್ಸವದ ಹೆಸರಿನ ಬಿಫ್ ಚೌಕ, ರಸ್ತೆ ದಾಟಿದರೆ ಜಗಲ್ಚಿ ಮೀನು ಮಾರುಕಟ್ಟೆ. ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿವೆ. ಗುಕ್ಜೆ ಕೂಡ ನಿರಾಶ್ರಿತರು ಬೀದಿಯಲ್ಲಿ ಸಾಮಾನು ಹರಡಿಕೊಂಡು ಮಾರುತ್ತಾ, ಅಮೆರಿಕನ್ ಸೇನೆಯಿಂದ ಹೊರಬಂದ ಡಬ್ಬಿ ಮಾಲನ್ನು ಮಾರುತ್ತಾ ಬೆಳೆದದ್ದು. ಬಿಫ್ ಚೌಕದಲ್ಲಿ ಶಿಆತ್ ಹೊತ್ತೊಕ್ ತಿನ್ನಿ. ಒಬ್ಬಟ್ಟಿಗೆ ಹೂರಣದ ಬದಲು ಸಕ್ಕರೆ ಪಾಕ ಹಾಕಿ, ಕರಿದ ಮೇಲೆ ಹೊಟ್ಟೆ ಸೀಳಿ ಸೂರ್ಯಕಾಂತಿ, ಕುಂಬಳದ ಬೀಜ ತುಂಬಿದಂತಿರುತ್ತದೆ. ಒಳಗಿನ ಪಾಕ ಕುದಿಯುತ್ತಿರುತ್ತದೆ, ನಾಲಿಗೆ ಜೋಪಾನ.

ಜಗಲ್ಚಿಯಲ್ಲಿ ಕೆಳಗೆ ಮೀನು ಆರಿಸಿ, ಮೇಲಿನ ಮಹಡಿಯಲ್ಲಿ ಅಡುಗೆ ಮಾಡಿಸಿ ತಿನ್ನುವ ಪದ್ಧತಿ. ಮೀನಿನ ಬೆಲೆ ಬೇರೆ, ಮೇಲೆ ಅಡುಗೆ ಮಾಡಿ ಬಡಿಸುವ ದುಡ್ಡು ಬೇರೆ. ಎರಡನ್ನೂ ಮೊದಲೇ ಕೇಳಿಕೊಳ್ಳಿ. ಸಸ್ಯಾಹಾರಿಗಳೂ ಸುಮ್ನೆ ಒಂದು ಸುತ್ತು ಹಾಕಬಹುದು, ವಾಸನೆ ತಡೆಯುವುದಾದರೆ.

ಶನಿವಾರವಾಗಿದ್ದರೆ 2ಕ್ಕೆ ಹತ್ತು ನಿಮಿಷ ಮೊದಲೇ ಯೊಂಗ್‌ದೊ ಸೇತುವೆಯ ಬಳಿ ನಿಲ್ಲಿ. ಜಗಲ್ಚಿಯಿಂದ ನಡೆಯುವಷ್ಟು ದೂರ. 1934ರ ಸೇತುವೆ, ಹಡಗು ಹೋಗಲು ಒಂದು ತುಂಡು ಮೇಲೇಳುತ್ತದೆ. ಈಗ ಸುಮಾರು ಹದಿನೈದು ನಿಮಿಷ ಪ್ರದರ್ಶನಕ್ಕಾಗಿ ಎತ್ತುತ್ತಾರೆ. ಗಾಳಿ ಮಳೆ ಜೋರಿದ್ದರೆ ಇಲ್ಲ. ಯುದ್ಧದಲ್ಲಿ ಮನೆಮಂದಿ ದಿಕ್ಕಾಪಾಲಾದಾಗ ಬುಸಾನ್‌ನಲ್ಲಿ ಜನರಿಗೆ ಗೊತ್ತಿದ್ದ ಗುರುತು ಇದೊಂದೇ. ಸೇತುವೆ ಹತ್ತಿರ ಸಿಗೋಣ ಎಂದು ಹೇಳಿ ಹೊರಟವರು ಇಲ್ಲಿ ಬಂದು ಕಾಯುತ್ತಿದ್ದರು. ಕೆಳಗೆ ಭವಿಷ್ಯ ಹೇಳುವವರ ಅಂಗಡಿಗಳೇ ಹುಟ್ಟಿಕೊಂಡಿದ್ದವು. ನನ್ನವರು ಬದುಕಿದ್ದಾರಾ ಎಂದು ಕೇಳುವವರಿಗೆ ಕೊರತೆ ಇರಲಿಲ್ಲ.

ಸೇತುವೆ ದಾಟಿದರೆ ಯೊಂಗ್‌ದೊ ದ್ವೀಪ. ಕಾಲಲ್ಲಿ ಶಕ್ತಿ ಉಳಿದಿದ್ದರೆ ದ್ವೀಪದ ತುದಿಯ ತೇಜೊಂಗ್‌ದೆಗೆ ಬಸ್‌ನಲ್ಲಿ ಹೋಗಿ, ಬಂಡೆ ಮತ್ತು ದೀಪಸ್ತಂಭ ಚೆನ್ನಾಗಿವೆ. ಇಲ್ಲವಾದರೆ ಹಿನ್ನ್ಯೊವುಲ್ ಗ್ರಾಮ ಸಾಕು. ಕಡಲ ಬಂಡೆಯ ಅಂಚಿಗೆ ಬಿಳಿ ಮನೆಗಳ ಸಾಲು, ಕಾಫಿ ಅಂಗಡಿಗಳು, ಎದುರಿಗೆ ಲಂಗರು ಹಾಕಿದ ಹಡಗುಗಳು. ಎರಡನ್ನೂ ಒಂದೇ ಮಧ್ಯಾಹ್ನಕ್ಕೆ ಹಿಡಿಸಲು ಹೋಗಬೇಡಿ.

ಸಂಜೆಗೆ ಬುಪ್ಯೊಂಗ್‌ನ ರಾತ್ರಿ ಮಾರುಕಟ್ಟೆಗೆ ಮರಳಬಹುದು. ಶನಿವಾರ ಮಾತ್ರ ನಮ್ಮ ನಿಯಮ ಮುರಿಯಿರಿ. ಮೆಟ್ರೋ ಹತ್ತಿ ಗ್ವಾಂಗಲ್ಲಿಗೆ ಹೋಗಿ ಡ್ರೋನ್ ನೋಡಿ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ 8 ಮತ್ತು 10ಕ್ಕೆ, ಉಳಿದ ತಿಂಗಳು 7 ಮತ್ತು 9ಕ್ಕೆ. ಎರಡನೇ ಆಟಕ್ಕೆ ಜನ ಕಡಿಮೆ.

6. ಎರಡನೇ ದಿನ: ಕಡಲ ದಂಡೆ, ದೂರದಿಂದ ಹತ್ತಿರಕ್ಕೆ

ಹೆಚ್ಚಿನವರು ಹೇವುಂಡೆಯಿಂದ ಶುರು ಮಾಡಿ ಆಚೆಗೆ ಹೋಗುತ್ತಾರೆ. ನೀವು ಉಲ್ಟಾ ಮಾಡಿ. ಮೊದಲು ಅತಿ ದೂರದ ಹೇದೊಂಗ್ ಯೊಂಗ್‌ಗುಂಗ್‌ಸಾ ದೇವಾಲಯ. ಅಲ್ಲಿಂದ ಒಂದೊಂದೇ ನೋಡುತ್ತಾ ಊರ ಕಡೆ ಬರುವುದು. ಎಲ್ಲೂ ಹಿಂದಕ್ಕೆ ಹೋಗುವ ಕೆಲಸವಿಲ್ಲ, ದೇವಾಲಯವೂ ಜನ ಸೇರುವ ಮುಂಚೆ ಸಿಗುತ್ತದೆ.

ಕೊರಿಯಾದ ಬೌದ್ಧ ದೇವಾಲಯಗಳು ಹೆಚ್ಚಾಗಿ ಬೆಟ್ಟದಲ್ಲಿರುತ್ತವೆ. ಇದು ಕಡಲ ಬಂಡೆಯ ಮೇಲಿದೆ. 108 ಮೆಟ್ಟಿಲು ಇಳಿದು ಹೋಗಬೇಕು. 1376ರಲ್ಲಿ ನಾವೊಂಗ್ ಎಂಬ ಭಿಕ್ಷು ಸ್ಥಾಪಿಸಿದ್ದು ಎನ್ನುತ್ತಾರೆ, ಈಗಿನ ಕಟ್ಟಡಗಳು ಮಾತ್ರ 20ನೇ ಶತಮಾನದವು. ಈ ನಾವೊಂಗ್‌ಗೆ ಗುರುವಾಗಿದ್ದವರಲ್ಲಿ ಒಬ್ಬರು ಮಗಧದಿಂದ ಹೊರಟು ಚೀನಾ, ಕೊರಿಯಾ ಸುತ್ತಿದ ಧ್ಯಾನಭದ್ರ. ಕೊರಿಯನ್ನರು ಅವರನ್ನು ಜಿಗೊಂಗ್ ಎಂದು ಕರೆಯುತ್ತಾರೆ. ಪ್ರವೇಶ ಉಚಿತ, ಬೆಳಗಿನ ಜಾವವೇ ತೆರೆಯುತ್ತದೆ. 8ಕ್ಕೆ ಮುಂಚೆ ಹೋದರೆ ಅಲೆಯ ಸದ್ದು ಕೇಳುತ್ತದೆ, 11ಕ್ಕೆ ಹೋದರೆ ಟೂರ್ ಬಸ್ಸಿನವರ ಸದ್ದು. ಹೇವುಂಡೆ ನಿಲ್ದಾಣದಿಂದ ಬಸ್ ಇದೆ. ಇಬ್ಬರು ಮೂವರಿದ್ದರೆ ಟ್ಯಾಕ್ಸಿಯೂ ದುಬಾರಿಯಲ್ಲ. ಕೈಮುಗಿದು ತಲೆ ಬಾಗಿಸುವುದೇ ಅಲ್ಲಿಯ ನಮಸ್ಕಾರ. ನಮಗೆ ಹೊಸದಾಗಿ ಕಲಿಯುವುದು ಏನೂ ಇಲ್ಲ.

ಅಲ್ಲಿಂದ ಟ್ಯಾಕ್ಸಿಯಲ್ಲಿ ಹತ್ತು ನಿಮಿಷಕ್ಕೆ ಸೊಂಗ್‌ಜೊಂಗ್. ಹಳೆಯ ಕರಾವಳಿ ರೈಲು ಮಾರ್ಗವನ್ನು ಬೇರೆ ಕಡೆ ತಿರುಗಿಸಿದ ಮೇಲೆ, ಬಿಟ್ಟುಹೋದ 4.8 ಕಿ.ಮೀ. ಹಳಿಯನ್ನು 2020ರಲ್ಲಿ ಬ್ಲೂಲೈನ್ ಪಾರ್ಕ್ ಮಾಡಿದರು. ಎರಡು ಬಗೆಯ ಗಾಡಿಗಳಿವೆ. ಕೆಳಗಿನ ಹಳಿಯಲ್ಲಿ ಬೀಚ್ ಟ್ರೇನ್, ಸೀಟುಗಳೆಲ್ಲ ಕಡಲಿಗೆ ಮುಖಮಾಡಿವೆ. ಮೇಲಿನ ಹಳಿಯಲ್ಲಿ ಸ್ಕೈ ಕ್ಯಾಪ್ಸುಲ್ ಎಂಬ ನಾಲ್ಕು ಜನ ಕೂರುವ ಬಣ್ಣದ ಪುಟ್ಟ ಡಬ್ಬಿಗಳು. ಕ್ಯಾಪ್ಸುಲ್ ಚೊಂಗ್‌ಸಾಪೊ ಮತ್ತು ಮಿಪೊ ನಡುವಿನ 2 ಕಿ.ಮೀ. ಮಾತ್ರ ಓಡುತ್ತದೆ, ಅದಕ್ಕೇ ಅರ್ಧ ಗಂಟೆ ತೆಗೆದುಕೊಳ್ಳುತ್ತದೆ. ಹಾಗಾಗಿ ಸೊಂಗ್‌ಜೊಂಗ್‌ನಿಂದ ಚೊಂಗ್‌ಸಾಪೊವರೆಗೆ ಟ್ರೇನ್, ಅಲ್ಲಿಂದ ಮಿಪೊಗೆ ಕ್ಯಾಪ್ಸುಲ್. ಕ್ಯಾಪ್ಸುಲ್‌ಗೆ ತಲೆಗಿಷ್ಟು ಅಂತಲ್ಲ, ಡಬ್ಬಿಗೆ ದರ. ಒಬ್ಬರೇ ಹೋದರೆ ಕೈಗೆ ಬಿಸಿ. ಅಂಥವರು ಪಕ್ಕದ ಮರದ ಹಲಗೆಯ ದಾರಿಯಲ್ಲಿ ನಡೆಯಲಿ. ಅದೇ ಕಡಲು, ಪುಕ್ಕಟೆ. ವಾರಾಂತ್ಯಕ್ಕೆ ಕ್ಯಾಪ್ಸುಲ್ ಬೇಕಿದ್ದರೆ ಆನ್‌ಲೈನ್‌ನಲ್ಲಿ ಮೊದಲೇ ಕಾಯ್ದಿರಿಸಿ.

ಮಿಪೊದಲ್ಲಿ ಇಳಿದರೆ ಕಣ್ಣೆದುರಿಗೇ ಹೇವುಂಡೆ. ಒಂದೂವರೆ ಕಿ.ಮೀ. ಮರಳು, ಹಿಂದೆ ಗಾಜಿನ ಗೋಪುರಗಳು. ಅವುಗಳಲ್ಲಿ ಎತ್ತರದ್ದು 101 ಮಹಡಿಯ ಎಲ್‌ಸಿಟಿ, 411 ಮೀಟರ್. ಮೇಲಿನ ಮಹಡಿಗಳಲ್ಲಿ ಟಿಕೆಟ್ ಕೊಟ್ಟು ನೋಡುವ ಜಾಗವಿದೆ. ಮೋಡವಿದ್ದರೆ ಆ ದುಡ್ಡು ದಂಡ. ಜುಲೈ–ಆಗಸ್ಟ್ ಬಿಟ್ಟರೆ ಈಜಲು ನೀರು ತಣ್ಣಗಿರುತ್ತದೆ. ತೀರದ ಪಶ್ಚಿಮ ತುದಿಯಲ್ಲಿ ದೊಂಗ್‌ಬೆಕ್ ದ್ವೀಪ. ಹೆಸರಿಗೆ ದ್ವೀಪ, ಈಗ ನೆಲಕ್ಕೆ ಸೇರಿಕೊಂಡಿದೆ. ಪೈನ್ ಮರಗಳ ನೆರಳಲ್ಲಿ ಒಂದು ಸುತ್ತು ಹಾಕಿದರೆ 2005ರಲ್ಲಿ ಏಷ್ಯಾ–ಪೆಸಿಫಿಕ್ ದೇಶಗಳ ಏಪೆಕ್ ಶೃಂಗಸಭೆ ನಡೆದ ದುಂಡನೆಯ ಕಟ್ಟಡ ಸಿಗುತ್ತದೆ.

ಸಂಜೆ 2ನೇ ಲೈನ್‌ನಲ್ಲಿ ಗ್ವಾಂಗಲ್ಲಿಗೆ. ನನಗೆ ಹೇವುಂಡೆಗಿಂತ ಇದೇ ಇಷ್ಟ. ಎದುರಿಗೆ ಕಡಲ ಮೇಲೆ 2003ರಲ್ಲಿ ತೆರೆದ ಎರಡು ಅಂತಸ್ತಿನ ಗ್ವಾಂಗನ್ ಸೇತುವೆ, 7.4 ಕಿ.ಮೀ. ಉದ್ದ. ಕತ್ತಲಾಗುತ್ತಿದ್ದಂತೆ ದೀಪ ಹತ್ತುತ್ತದೆ. ಅಂಗಡಿಯಲ್ಲಿ ಏನಾದರೂ ಕೊಂಡು ಮರಳಲ್ಲಿ ಕೂರಿ, ಊರಿನವರು ಮಾಡುವುದೂ ಅದನ್ನೇ. ಕಸದ ಡಬ್ಬಿ ಈ ದೇಶದಲ್ಲಿ ಅಪರೂಪ, ಒಂದು ಖಾಲಿ ಕವರ್ ಜೇಬಿನಲ್ಲಿರಲಿ.

7. ಊಟದ ವಿಷಯ, ಅದರಲ್ಲೂ ಸಸ್ಯಾಹಾರಿಗಳಿಗೆ

ಮಾಂಸಾಹಾರಿಗಳಿಗೆ ಹೇಳುವುದು ಕಡಿಮೆ. ಹಂದಿಮಾಂಸದ ಸಾರು ಮತ್ತು ಅನ್ನದ ದ್ವೇಜಿ ಗುಕ್‌ಬಾಪ್ ಈ ಊರಿನದ್ದೇ ಊಟ. ಬೇಸಿಗೆಗೆ ಮಿಲ್‌ಮ್ಯೊನ್ ಎಂಬ ತಣ್ಣನೆಯ ನೂಡಲ್ಸ್. ಉತ್ತರದಿಂದ ಬಂದ ನಿರಾಶ್ರಿತರು ತಮ್ಮ ಊರಿನ ಬಕ್‌ವೀಟ್ ಎಂಬ ಧಾನ್ಯ ಸಿಗದೆ, ನೆರವಾಗಿ ಬಂದ ಗೋಧಿ ಹಿಟ್ಟಿನಿಂದ ಮಾಡಿಕೊಂಡದ್ದು. ಮೀನಿನ ಕೇಕ್, ಅಂದರೆ ಒಮುಕ್, ಬೀದಿ ಬೀದಿಯಲ್ಲೂ ಸಿಗುತ್ತದೆ.

ಸಸ್ಯಾಹಾರಿಗಳಿಗೆ ನಿಜ ಹೇಳಿಬಿಡುವುದು ಒಳ್ಳೆಯದು, ಬುಸಾನ್ ಕಷ್ಟದ ಊರು. ತರಕಾರಿ ಪಲ್ಯದಂತೆ ಕಾಣುವುದರಲ್ಲೂ ಮೀನಿನ ಸಾರ ಇರುತ್ತದೆ. ಕಿಮ್ಚಿ ಎಂಬ ಅವರ ಹುಳಿ ಬರಿಸಿದ ತರಕಾರಿ ಉಪ್ಪಿನಕಾಯಿಗೆ ಸಾಮಾನ್ಯವಾಗಿ ಉಪ್ಪಲ್ಲಿ ಹಾಕಿದ ಸಿಗಡಿ ಅಥವಾ ಮೀನಿನ ರಸ ಬೆರೆಸುತ್ತಾರೆ. ಅಕ್ಕಿ ಹಿಟ್ಟಿನ ಕಡುಬಿನಂಥ ತುಂಡುಗಳ ಖಾರದ ತಿಂಡಿ ತೊಕ್‌ಬೊಕಿಯ ಕೆಂಪು ಸಾರಿಗೆ ಒಣಮೀನಿನ ಕಷಾಯ. ಮಾಂಸ ಬೇಡ ಎಂದರೆ ಅವರು ದನ, ಹಂದಿ ತೆಗೆಯುತ್ತಾರೆ. ಹ್ಯಾಮ್, ಮೀನು, ಸಿಗಡಿ ಮಾಂಸದ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಏನೇನು ತಿನ್ನುವುದಿಲ್ಲ ಎಂದು ಒಂದೊಂದಾಗಿ ಹೆಸರಿಸಿ ಪಾಪಾಗೊದಲ್ಲಿ ಕೊರಿಯನ್‌ಗೆ ಮಾಡಿ, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಕೆಲಸ ಮಾಡುತ್ತದೆ.

ಹೆಚ್ಚು ನಂಬಬಹುದಾದ್ದು ಬಿಬಿಂಬಾಪ್. ಅನ್ನ, ತರಕಾರಿ, ಮೇಲೆ ಮೊಟ್ಟೆ. ಮಾಂಸ, ಮೊಟ್ಟೆ ಬೇಡ ಎಂದರೆ ತೆಗೆದುಕೊಡುತ್ತಾರೆ. ಖಾರದ ಪೇಸ್ಟ್ ಬೇರೆ ಬಟ್ಟಲಲ್ಲಿ ಕೇಳಿ, ಕೆಲವು ಕಡೆ ಅದರಲ್ಲೇ ಮಾಂಸದ ಪುಡಿ ಹುರಿದಿರುತ್ತಾರೆ. ಸುಟ್ಟ ಗೆಣಸು, ಹಣ್ಣು, ಬೇಕರಿ ಎಲ್ಲೆಲ್ಲೂ ಇವೆ. ಹೇವುಂಡೆ ಸುತ್ತ ಭಾರತೀಯ ಹೋಟೆಲ್‌ಗಳು ಸಿಗುತ್ತವೆ, ದಕ್ಷಿಣದ ರುಚಿ ನಿರೀಕ್ಷಿಸಬೇಡಿ. ನನ್ನ ಸಲಹೆ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು ಅಥವಾ ಅವಲಕ್ಕಿ ಪೊಟ್ಟಣ, ಸ್ವಲ್ಪ ಚಟ್ನಿಪುಡಿ ಒಯ್ಯಿರಿ. ಅಲ್ಲಿಯ ಸಣ್ಣ ಅಂಗಡಿಗಳಲ್ಲಿ ಬಿಸಿನೀರು, ಮೈಕ್ರೋವೇವ್ ಎರಡೂ ಇರುತ್ತವೆ, ಕೊಂಡ ಬಿಸಿ ಅನ್ನದ ಡಬ್ಬಿಯ ಜೊತೆ ಚಟ್ನಿಪುಡಿ ನಡೆಯುತ್ತದೆ. ಹಸಿ ಹಣ್ಣು, ತರಕಾರಿ, ಮಾಂಸದ ಪದಾರ್ಥ ಮಾತ್ರ ಊರಿಂದ ತೆಗೆದುಕೊಂಡು ಹೋಗಬೇಡಿ, ಕಸ್ಟಮ್ಸ್‌ನಲ್ಲಿ ತೊಂದರೆ.

8. ಉಳಿದ ಅರ್ಧ ದಿನ, ಆಮೇಲೆ ಹೊರಡುವುದು

ಕೆಟಿಎಕ್ಸ್‌ನಲ್ಲಿ ಸಿಯೋಲ್‌ಗೆ ಮರಳುವವರಿಗೆ ಬೊಮೊಸಾ ದೇವಾಲಯ ಸರಿ. 678ರಲ್ಲಿ ಉಯ್ಸಾಂಗ್ ಎಂಬ ಭಿಕ್ಷು ಸ್ಥಾಪಿಸಿದ್ದು, ಗೊಮ್‌ಜೊಂಗ್ ಬೆಟ್ಟದ ಮಡಿಲಲ್ಲಿದೆ. 1ನೇ ಲೈನ್‌ನಲ್ಲಿ ಅದೇ ಹೆಸರಿನ ನಿಲ್ದಾಣ, ಅಲ್ಲಿಂದ 90ನೇ ನಂಬರ್ ಬಸ್. ಕಡಲ ದೇವಾಲಯದಲ್ಲಿ ಸಿಗದ ನೆಮ್ಮದಿ ಇಲ್ಲಿದೆ. ಲಗೇಜ್ ಬುಸಾನ್ ಸ್ಟೇಷನ್‌ನ ಲಾಕರ್‌ನಲ್ಲಿಟ್ಟು ಹೋಗಿ.

ಗಿಮ್ಹೆ ವಿಮಾನ ನಿಲ್ದಾಣದಿಂದ ಸಂಜೆ ಹೊರಡುವವರು ಗಿಮ್ಹೆ ಪಟ್ಟಣಕ್ಕೇ ಹೋಗಬಹುದು. 2ನೇ ಲೈನ್‌ನ ಸಾಸಾಂಗ್‌ನಿಂದ ಹೊರಡುವ ಲೈಟ್ ರೈಲ್ ವಿಮಾನ ನಿಲ್ದಾಣ ದಾಟಿ ಆ ಪಟ್ಟಣಕ್ಕೆ ಹೋಗುತ್ತದೆ. ಪಟ್ಟಣ ನೋಡಿಕೊಂಡು ಅದೇ ಗಾಡಿಯಲ್ಲಿ ವಾಪಸ್ ಬಂದು ವಿಮಾನ ಹಿಡಿಯಬಹುದು. ಅಲ್ಲಿ ಕೊರಿಯಾದ ಪ್ರಾಚೀನ ಗಾಯಾ ರಾಜ್ಯದ ಸುರೊ ರಾಜನ ಸಮಾಧಿ ದಿಬ್ಬ, ಸ್ವಲ್ಪ ದೂರದಲ್ಲಿ ರಾಣಿ ಹೊ ಹ್ವಾಂಗ್-ಓಕ್‌ಳದು. ಕ್ರಿ.ಶ. 48ರಲ್ಲಿ ಅಯುತ ಎಂಬ ದೇಶದಿಂದ ಹದಿನಾರರ ರಾಜಕುಮಾರಿ ಹಡಗಿನಲ್ಲಿ ಬಂದು ರಾಜನನ್ನು ಮದುವೆಯಾದಳು ಎಂಬುದು ಕಥೆ. ಆ ಅಯುತವೇ ಅಯೋಧ್ಯೆ ಎಂದು ಹಲವರು ನಂಬುತ್ತಾರೆ. ಕಥೆ ಬರೆದಿಟ್ಟ ಸಂಗುಕ್ ಯುಸಾ ಗ್ರಂಥ 13ನೇ ಶತಮಾನದ್ದು. ನಡುವೆ ಸಾವಿರದ ಇನ್ನೂರು ವರ್ಷಗಳ ಅಂತರವಿದೆ, ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇತಿಹಾಸ ಎಂದು ಹಠ ಹಿಡಿಯದೆ ನೋಡಿ. ಆದರೆ ಗಿಮ್ಹೆಯ ಕಿಮ್ ಮತ್ತು ಹೊ ಮನೆತನದವರಿಗೆ ಅವಳು ನಿಜವಾದ ಪೂರ್ವಜೆ. ಇವೆರಡು ಮನೆತನಗಳ ನಡುವೆ ಮದುವೆ ಕೂಡದು ಎಂಬ ಕಟ್ಟುಪಾಡನ್ನೂ ಬಹಳ ಕಾಲ ಪಾಲಿಸಿದ್ದಾರೆ. ಅವಳು ಹಡಗಿನಲ್ಲಿ ತಂದಳು ಎನ್ನುವ ಕಲ್ಲಿನ ಪಗೋಡ ಸಮಾಧಿಯ ಬಳಿಯೇ ಇದೆ.

ಹೊರಡುವ ದಿನದ ಎರಡು ಕೆಲಸ ಮರೆಯಬೇಡಿ. 15,000 ವಾನ್‌ಗೆ ಮೇಲ್ಪಟ್ಟ ಖರೀದಿಗೆ ತೆರಿಗೆ ವಾಪಸ್ ಸಿಗುತ್ತದೆ. ಆ ಸೌಲಭ್ಯವಿರುವ ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ರಸೀದಿ ತೆಗೆದುಕೊಂಡಿದ್ದರೆ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್‌ಗೆ ಮೊದಲೇ ತೆರಿಗೆ ವಾಪಸಿನ ಯಂತ್ರದ ಬಳಿ ಹೋಗಿ. ಟಿ-ಮನಿ ಕಾರ್ಡ್‌ನಲ್ಲಿ ಉಳಿದ ದುಡ್ಡನ್ನು ಸಣ್ಣ ಅಂಗಡಿಯಲ್ಲಿ 500 ವಾನ್ ಶುಲ್ಕ ಕಳೆದು ವಾಪಸ್ ಕೊಡುತ್ತಾರೆ. ಚಿಲ್ಲರೆ ಮಾತ್ರ ಉಳಿದಿದ್ದರೆ ಅದೇ ಕಾರ್ಡ್ ತಾಗಿಸಿ ಒಂದು ಬಾಳೆಹಣ್ಣಿನ ಹಾಲು ಕೊಂಡು ಕುಡಿಯಿರಿ.